ಮಾವನವರ ಮೂಗಿನೊಳಗೆ ಮೌಸ್

ಸ್ಕ್ಯಾನಿಂಗ್ ಸೆಂಟರ್‌ನವರು ರಿಪೋರ್ಟ್ ಜೊತೆ ಕೊಡುವ ಸಿ.ಡಿ.ಯನ್ನು ದಸರಾ ನೆಂಟರ ಮುಂದೆ ತೆರೆಯಬಾರದು. ಕುವೆಂಪುನಗರದ ನಮ್ಮ ಮಾವನವರ ಮನೆಯಲ್ಲಿ ತೆರೆದರು. ಅವರ ಮೂಗು ಕಟ್ಟಿ ವರ್ಷಗಳೇ ಆಗಿದ್ದವು, ಕೊನೆಗೆ ಸೈನಸ್ ಸಿ.ಟಿ. ಆಯಿತು. ರಿಪೋರ್ಟಿನ ಇಂಗ್ಲಿಷ್ ಯಾರ ತಲೆಗೂ ಹತ್ತಲಿಲ್ಲ. “ಚಿತ್ರ ನೋಡಿದ್ರೆ ಗೊತ್ತಾಗುತ್ತೆ ಬಿಡಿ ಭಾವ” ಎಂದು ನನ್ನ ಭಾವಮೈದುನ ಎಲ್ಲಿಂದಲೋ ಸಿ.ಡಿ. ಡ್ರೈವ್ ಹೊಂದಿಸಿ ತಂದ.

ಒಂದು ಚಿತ್ರ ಬರುತ್ತದೆ ಅಂದುಕೊಂಡಿದ್ದೆವು. ಬಂದದ್ದು ನಾಲ್ಕು ಕಿಟಕಿ. ಮೂರರಲ್ಲಿ ಕಪ್ಪು ಬಿಳುಪು ಸೀಳುಗಳು: ಅಡ್ಡಡ್ಡ ಕೊಯ್ದದ್ದು, ಮುಖದಿಂದ ಹಿಂದಕ್ಕೆ ಕೊಯ್ದದ್ದು, ಕಿವಿಯ ಕಡೆಯಿಂದ ಕೊಯ್ದದ್ದು. ನಾಲ್ಕನೆಯದರಲ್ಲಿ ಇಡೀ ತಲೆ.

“ಬಾಳೆದಿಂಡು ಹೆಚ್ಚಿದ ಹಾಗಿದೆ” ಎಂದರು ಅತ್ತೆ.

ಇದಕ್ಕಿಂತ ಚೆನ್ನಾಗಿ ಹೇಳಲು ನನಗಂತೂ ಬರುವುದಿಲ್ಲ. ಆದರೆ ದಿಂಡನ್ನು ಬಿಲ್ಲೆ ಮಾಡಿದ ಮೇಲೆ ಉದ್ದಕ್ಕೆ ಸೀಳಲಾಗದು. ಇಲ್ಲಿ ಆಗುತ್ತದೆ. ಒಂದೊಂದು ಬಿಲ್ಲೆಯಲ್ಲೂ ಸಾಮಾನ್ಯವಾಗಿ ಅಡ್ಡಕ್ಕೆ 512, ಉದ್ದಕ್ಕೆ 512 ಚುಕ್ಕಿ. ಮುನ್ನೂರು ಬಿಲ್ಲೆಗೆ ಲೆಕ್ಕ ಹಾಕಿದರೆ ಸುಮಾರು 7 ಕೋಟಿ 86 ಲಕ್ಷ ಪುಟ್ಟ ಡಬ್ಬಿಗಳು. ವಾಕ್ಸೆಲ್ ಅನ್ನುತ್ತಾರೆ. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ತಲೆ ಸ್ಕ್ಯಾನ್ ಆದಾಗ ಒಂದು ಸೀಳಿನಲ್ಲಿ ಇದ್ದದ್ದು 80 ಗುಣಿಸು 80 ಅಷ್ಟೇ. ಆ ಕಾಲದ ನೆಂಟರು ಪುಣ್ಯವಂತರು.

ಎಲ್ಲರಿಗೂ ಬೇಕಾದದ್ದು ಮಾತ್ರ ಇಡೀ ತಲೆಯೇ. ಭಾವಮೈದುನ ಮೌಸ್ ಎಳೆದ. ಮಾವನವರು ತಲೆಕೆಳಗಾದರು. ಮತ್ತೆ ಎಳೆದ. ಕತ್ತಿನ ಬುಡ ನಮ್ಮ ಕಡೆ ತಿರುಗಿತು. ತಪ್ಪು ಅವನದಲ್ಲ. ಮೇಜಿನ ಮೇಲೆ ಮೌಸ್ ಓಡುವುದು ಎರಡೇ ದಿಕ್ಕಿಗೆ, ತಲೆ ತಿರುಗಬೇಕಾದದ್ದು ಮೂರು ದಿಕ್ಕಿಗೆ. ಅದಕ್ಕೇ ತಲೆಯ ಸುತ್ತ ಕಣ್ಣಿಗೆ ಕಾಣದ ಒಂದು ಚೆಂಡಿದೆ ಎಂದು ಸಾಫ್ಟ್‌ವೇರ್ ಭಾವಿಸುತ್ತದೆ. ಕೆನ್ ಶೂಮೇಕ್ 1992ರಲ್ಲಿ ಬರೆದ ಆರ್ಕ್‌ಬಾಲ್ ಎಂಬ ಉಪಾಯ ಇಂಥದ್ದು. ನಡುವೆ ಹಿಡಿದೆಳೆದರೆ ಉರುಳುತ್ತದೆ, ಅಂಚಿನಾಚೆ ಹಿಡಿದೆಳೆದರೆ ಇದ್ದಲ್ಲೇ ತಿರುಚುತ್ತದೆ. ಕೇಳಲು ಸುಲಭ, ಅಲ್ವಾ?

ಆಮೇಲೆ ಚಿಕ್ಕಮ್ಮನ ಮಗಳು ಬಲಗಡೆಯ ಗುಂಡಿ ಒತ್ತಿ ಸುಮ್ನೆ ಒಂದು ಸಲ ಎಳೆದಳು. ಮಾವನವರ ಚರ್ಮವೇ ಮಾಯ! ಬರೀ ಬುರುಡೆ, ಅದರ ಕೆಳಗೆ ಸ್ಕ್ಯಾನರಿನ ತಲೆದಿಂಬು. ಸಿ.ಟಿ.ಯಲ್ಲಿ ಪ್ರತಿ ಡಬ್ಬಿಗೂ ಒಂದು ಅಂಕಿ ಇರುತ್ತದೆ. ನೀರಿಗೆ 0, ಗಾಳಿಗೆ -1000, ಗಟ್ಟಿ ಮೂಳೆಗೆ ನೂರಾರು, ಸಾವಿರದ ಮೇಲೂ ಹೋಗುತ್ತದೆ. ಈ ಅಳತೆಗೆ ಯಂತ್ರ ಕಂಡುಹಿಡಿದ ಹೌನ್ಸ್‌ಫೀಲ್ಡ್ ಅವರದೇ ಹೆಸರು. ಅವರಿಗೆ 1979ರ ನೊಬೆಲ್ ಪಾಲೂ ಸಿಕ್ಕಿತು. ಎಷ್ಟರಿಂದ ಮೇಲಿನ ಅಂಕಿ ಕಾಣಬೇಕು ಅನ್ನುವುದನ್ನು ಆ ಎಳೆತ ಬದಲಿಸಿತ್ತು, ಅಷ್ಟೇ.

“ನಮ್ಮ ಮದುವೇಲಿ ಹೀಗೇ ಇದ್ರು” ಎಂದರು ಅತ್ತೆ.

ಅಷ್ಟರಲ್ಲಿ ಯಾರೋ ಜೂಮ್ ಮಾಡಿದರು. ಕೆನ್ನೆ ತೂರಿ ಒಳಗೆ ಹೋದೆವು. ಪರದೆ ತುಂಬ ಬೂದಿ ಬಣ್ಣ. ಮೇಲೆ ಯಾವುದು, ಕೆಳಗೆ ಯಾವುದು, ಒಂದೂ ತಿಳಿಯದು. “ಚಾಮುಂಡಿ ಬೆಟ್ಟ ಯಾವ ಕಡೆ ಹೇಳಿ ಅಳಿಯಂದ್ರೆ, ನಾನೇ ದಾರಿ ತೋರಿಸ್ತೀನಿ” ಎಂದರು ಮಾವ. ರೀಸೆಟ್ ಗುಂಡಿ ಇಟ್ಟ ಪುಣ್ಯಾತ್ಮನಿಗೂ ಒಂದು ನೊಬೆಲ್ ಕೊಡಬಹುದಿತ್ತು.

ನನ್ನ ಕೇಳಿದರೆ ಆ ತಿರುಗುವ ತಲೆ ತೋರಿಕೆಗೇ ಜಾಸ್ತಿ. ಮುಖದ ಮೂಳೆ ಮುರಿದವರಿಗೆ ಅದು ಬೇಕಾದೀತು. ಕಟ್ಟಿದ ಮೂಗಿಗೆ ಪೆದ್ದುಪೆದ್ದಾಗಿ ಕಾಣುವ ಆ ಮೂರು ಕಿಟಕಿಗಳೇ ವಾಸಿ. ಒಂದರಲ್ಲಿ ಕೂಡುಗೆರೆ (ಎರಡು ಗೆರೆ ಅಡ್ಡ ಹಾಯುವ ಗುರುತು) ತಂದು ಮೂಗಿನ ಮೇಲೆ ಇಟ್ಟರೆ ಉಳಿದೆರಡೂ ಅದೇ ಜಾಗಕ್ಕೆ ಬಂದು ನಿಲ್ಲುತ್ತವೆ. ಚಕ್ರ ತಿರುಗಿಸಿದರೆ ಒಂದೊಂದೇ ಸೀಳು ಮುಂದಕ್ಕೆ. ಸಿಕ್ಕೇಬಿಟ್ಟಿತು: ಮೂಗಿನ ನಡುಗೋಡೆ ವಾಲಿತ್ತು.

“ಎಡಕ್ಕೆ ವಾಲಿದೆ” ಎಂದ ಭಾವಮೈದುನ.

“ನಂಗೆ ಕಟ್ಟೋದು ಬಲಗಡೆ ಕಣೋ.”

“ಕಂಪ್ಯೂಟರ್ ಸುಳ್ಳು ಹೇಳುತ್ತಾ ಅಪ್ಪಾ?”

ಮನೆ ಎರಡು ಪಕ್ಷವಾಯಿತು. ಚಿಕ್ಕಮ್ಮನ ಮಗಳೇ ಚಿತ್ರದ ಎಡ ಅಂಚಿನಲ್ಲಿ ‘ಆರ್’ ಎಂಬ ಪುಟ್ಟ ಅಕ್ಷರ ತೋರಿಸಿದಳು. ರೋಗಿ ನಮ್ಮೆದುರು ನಿಂತ ಹಾಗೆ ಚಿತ್ರ ಇಡುವುದು ಡಾಕ್ಟರುಗಳ ರೂಢಿ. ಅವನ ಬಲ ನಮಗೆ ಎಡ. ಮಾವನವರು ಗೆದ್ದ ಖುಷಿಯಲ್ಲಿ ಎಲ್ಲರಿಗೂ ಇನ್ನೊಂದು ಸುತ್ತು ಕಾಫಿ ಹೇಳಿದರು.

“ಬಲಗಡೆ ಬಲಗಡೆ ಅಂತ ಇವರು ಮೊದಲಿಂದ್ಲೂ ಬಡ್ಕೋತಾನೇ ಇದಾರಲ್ಲಪ್ಪ” ಎಂದು ಅತ್ತೆ ಏಳುತ್ತಾ ಗೊಣಗಿದರು. “ಅಷ್ಟು ಕೇಳೋಕೆ ಇಷ್ಟೊಂದು ದುಡ್ಡು ಕೊಡ್ಬೇಕಿತ್ತಾ?”