ನೂರರ ವೇಗದಲ್ಲಿ ನಡುಗುವ ಹೊಸ ಗಾಡಿ ‘ನಾರ್ಮಲ್’ ಅಲ್ಲ

ಇವತ್ತು ಬೆಳಿಗ್ಗೆ ಕಾರಿನ ಸರ್ವಿಸ್‌ಗೆ ಹೋಗಿದ್ದೆ. ಕೌಂಟರ್ ಮುಂದೆ ಜಗಳೂರು ಕಡೆಯಿಂದ ಬಂದಿದ್ದ ಒಬ್ಬ ಅಕ್ಕ ನಿಂತಿದ್ದರು. ಶಾಲೆ ಟೀಚರಂತೆ. ಗಾಡಿ ತಗೊಂಡು ಒಂದೂವರೆ ತಿಂಗಳಾಗಿದೆ. "ಹೈವೇಲಿ ತೊಂಬತ್ತು ದಾಟಿದ ಕೂಡ್ಲೇ ಸ್ಟೇರಿಂಗ್ ಗಡಗಡ ಅನ್ನುತ್ತೆ ರೀ" ಅಂದರು. ಅಡ್ವೈಸರ್ ಕಂಪ್ಯೂಟರ್ ಬಿಟ್ಟು ತಲೆ ಎತ್ತಲಿಲ್ಲ. "ನಾರ್ಮಲ್ ಮೇಡಂ, ಎಲ್ಲಾ ಗಾಡಿಗೂ ಹಂಗೇ ಇರುತ್ತೆ" ಅಂದ.

ಮೈಯೆಲ್ಲಾ ಉರಿದುಹೋಯಿತು ನನಗೆ. ಮೂರು ತಿಂಗಳ ಹಿಂದೆ ಅದೇ ಕೌಂಟರ್‌ನಲ್ಲಿ ನನಗೂ ಅದೇ ಮಾತು ಹೇಳಿದ್ದರು. ಅದಕ್ಕೇ ಇಷ್ಟುದ್ದ ಬರೀತಿದ್ದೇನೆ. ಸ್ವಲ್ಪ ಸಮಾಧಾನದಿಂದ ಓದಿ.

ನನ್ನ ಓಡಾಟ ನಿಮಗೆ ಗೊತ್ತೇ ಇದೆ. ವಾರಕ್ಕೆ ಎರಡು ಸಲ ದಾವಣಗೆರೆಯಿಂದ ಹಿರಿಯೂರಿಗೆ, ರಾಷ್ಟ್ರೀಯ ಹೆದ್ದಾರಿ 48ರಲ್ಲಿ. ಅದಕ್ಕೇ ಏಳು ವರ್ಷದ ಸಾಲ ಮಾಡಿ ಹೊಸ ಗಾಡಿ ತಗೊಂಡಿದ್ದು. ಊರೊಳಗೆ ನಲವತ್ತು, ಐವತ್ತರಲ್ಲಿ ಬೆಣ್ಣೆಯ ಹಾಗೆ ಹೋಗುತ್ತಿತ್ತು. ಮೊದಲ ಸಲ ಹೈವೇ ಹತ್ತಿ ಆನಗೋಡು ದಾಟುವಾಗ ಗೊತ್ತಾಯಿತು. 85ಕ್ಕೆ ಸೀಟಿನ ಕೆಳಗೆ ಸಣ್ಣ ನಡುಕ ಶುರು. 95ರಿಂದ 100ರ ನಡುವೆ ಜೋರು. ಹಿಂದಿನ ಸೀಟಿನಲ್ಲಿಟ್ಟಿದ್ದ ಬಾಟಲಿಯೊಳಗೆ ನೀರು ಬಿಡುವಿಲ್ಲದೆ ಕುಣಿಯುತ್ತಿತ್ತು. 75ಕ್ಕೆ ಇಳಿಸಿದರೆ ಏನೂ ಇಲ್ಲ.

ಶೋರೂಮಿಗೆ ಹೋದೆ. ಹುಡುಗನೊಬ್ಬ ಗಾಡಿ ತಗೊಂಡು ಸರ್ವಿಸ್ ರಸ್ತೆಯಲ್ಲೇ ಹೋಗಿ ಬಂದ. ವೇಗ ಅರವತ್ತು ದಾಟಲಿಲ್ಲ, ನಾನು ಪಕ್ಕದಲ್ಲೇ ಇದ್ದೆ. "ಏನೂ ಇಲ್ಲ ಸರ್, ನಾರ್ಮಲ್." ರಾತ್ರಿ ಮಾತ್ರ ಬರುವ ಜ್ವರವನ್ನು ಮಧ್ಯಾಹ್ನ ನೋಡಿ ಜ್ವರ ಇಲ್ಲ ಅಂದ ಹಾಗಾಯಿತು. ನೂರರಲ್ಲಿ ಬರುವ ನಡುಕವನ್ನು ನೂರರಲ್ಲೇ ನೋಡಬೇಕು. ಇಷ್ಟೇ ನನ್ನ ತಕರಾರು, ಬೇರೆ ಏನೂ ಅಲ್ಲ.

ಆಮೇಲೆ ವೀಲ್ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಸರಿ ಮಾಡುವ ಕೆಲಸ, ಮಾಡಿದರು. ಅದಕ್ಕೆ ದುಡ್ಡು ತಗೊಂಡರು. ಅಲೈನ್‌ಮೆಂಟ್ ತಪ್ಪಿದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ, ಟೈರ್ ಒಂದೇ ಬದಿ ಸವೆಯುತ್ತದೆ. ಒಂದು ವೇಗದಲ್ಲಿ ಬಂದು ಇನ್ನೊಂದು ವೇಗದಲ್ಲಿ ಹೋಗುವ ನಡುಕಕ್ಕೂ ಅದಕ್ಕೂ ಏನು ಸಂಬಂಧ? ಎರಡನೇ ಸಲ ಬ್ಯಾಲೆನ್ಸಿಂಗ್, ಅಂದರೆ ಚಕ್ರದ ಸುತ್ತಲೂ ತೂಕ ಸಮ ಮಾಡುವ ಕೆಲಸ, ಮಾಡಿದರು. ಯಂತ್ರದಲ್ಲಿ ಒಳಗೆ ಸೊನ್ನೆ, ಹೊರಗೆ ಸೊನ್ನೆ ತೋರಿಸಿ, "ನೋಡಿ ಸರ್, ಪರ್ಫೆಕ್ಟ್" ಅಂದರು. ಹೈವೇಗೆ ಬಂದರೆ ಅದೇ ನಡುಕ.

ಒಂದು ಮಾತು ಹೇಳಿಬಿಡ್ತೀನಿ. ಅವತ್ತು ವಾಪಸ್ ಬರುವಾಗ ನನ್ನ ಮೈಗೆ ಆಗುತ್ತಿದ್ದದ್ದರ ಮೇಲೆ ನನಗೇ ನಂಬಿಕೆ ಹೋಗಿತ್ತು. "ಹೊಸ ಗಾಡಿ ಅಂತ ಜಾಸ್ತಿ ಲಕ್ಷ್ಯ ಕೊಡ್ತಿದ್ದೀರೇನೋ" ಅಂದಳು ಹೆಂಡತಿ. ಪ್ರೀತಿಯಿಂದಲೇ ಅಂದಿದ್ದು. ಆದರೂ ರಾತ್ರಿ ನಿದ್ದೆ ಬರಲಿಲ್ಲ. ನಾಲ್ಕು ಜನ ನಾರ್ಮಲ್ ನಾರ್ಮಲ್ ಅಂತ ಹೇಳಿದರೆ ಮನುಷ್ಯ ತನ್ನ ಕೈಗೆ ತಾಗುತ್ತಿರುವುದನ್ನೇ ಅನುಮಾನಿಸಲು ಶುರು ಮಾಡುತ್ತಾನೆ. ಗಾಡಿ ಕೆಟ್ಟಿದ್ದಕ್ಕಿಂತ ಇದು ನನಗೆ ಜಾಸ್ತಿ ನೋವು ಕೊಟ್ಟಿತು.

ನನ್ನನ್ನು ಇದರಿಂದ ಎತ್ತಿದ್ದು ಅಪ್ಪ. ಅಪ್ಪ ಹತ್ತಿ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವರು, ಹಳೆಯ ಗೆಳೆಯರಿಗೆ ಗೊತ್ತು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದ ಕೆಲಸಗಾರರು. ಸಾವಿರಾರು ಸುತ್ತು ತಿರುಗುವ ಸ್ಪಿಂಡಲ್‌ಗಳ ಸಾಲಿನ ಪಕ್ಕ ನಡೆಯುತ್ತಾ, ಚೌಕಟ್ಟಿಗೆ ಕೈ ಇಟ್ಟು, ಯಾವ ಕಡೆ ಓಲಾಟ ಇದೆ ಅಂತ ಹೇಳುತ್ತಿದ್ದರು. ಈಗ 74 ವರ್ಷ. ಒಂದು ಭಾನುವಾರ ಬೆಳಿಗ್ಗೆ ಚಿತ್ರದುರ್ಗದ ಕಡೆಗೆ ಹೊರಟಾಗ ಹಿಂದೆ ಕೂತಿದ್ದರು. ಹೆಬ್ಬಾಳು ಟೋಲ್ ದಾಟಿ ನೂರಕ್ಕೆ ಬಂದೆ. ಅಂಗೈಯನ್ನು ಸೀಟಿನ ಮೇಲೆ ಒತ್ತಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇದು ಇಂಜಿನ್‌ದಲ್ಲ ನೋಡಪ್ಪಾ. ತಿರುಗೋದು ಯಾವುದೋ ದುಂಡಗಿಲ್ಲ. ನಿನ್ನ ಕಡೆ ಇಲ್ಲ, ಹಿಂದೆ ಐತಿ" ಅಂದರು.

ಅಲ್ಲಿಂದ ಒಂದೊಂದಾಗಿ ನೋಡುತ್ತಾ ಹೋದೆವು. ಅದೇ ನೂರರ ವೇಗದಲ್ಲಿ ಐದನೇ ಗೇರಿಂದ ನಾಲ್ಕಕ್ಕೆ ಇಳಿಸಿದೆ. ಇಂಜಿನ್ ಸುತ್ತು ಏರಿತು, ನಡುಕ ಒಂದಿಷ್ಟೂ ಬದಲಾಗಲಿಲ್ಲ. ಅಂದರೆ ಇಂಜಿನ್ ಅಲ್ಲ. ಬ್ರೇಕ್ ಒತ್ತಿದಾಗ ಜಾಸ್ತಿ ಆಗಲಿಲ್ಲ, ಡಿಸ್ಕ್ ಅಲ್ಲ. ಆಕ್ಸಿಲರೇಟರ್ ತುಳಿದರೂ ಬಿಟ್ಟರೂ ಒಂದೇ, ಹಾಗಾಗಿ ಇಂಜಿನ್ ಬಲವನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟ್ ಮೇಲೂ ಅನುಮಾನ ಕಡಿಮೆಯಾಯಿತು. ಸ್ಟೇರಿಂಗ್ ನಡುಗಿದರೆ ಸಾಮಾನ್ಯವಾಗಿ ಮುಂದಿನ ಚಕ್ರ, ಸೀಟು ಮತ್ತು ತಳ ನಡುಗಿದರೆ ಹಿಂದಿನ ಚಕ್ರ. ನನ್ನದು ಸೀಟು. ವಾಪಸ್ ಬರುವಾಗ ಟೈರೆಲ್ಲಾ ಚೆನ್ನಾಗಿ ಬಿಸಿಯಾಗಿತ್ತು, ಆದರೂ ನಡುಕ ಹೋಗಲಿಲ್ಲ. ಬಹಳ ದಿನ ನಿಂತ ಗಾಡಿಯ ಟೈರಿನಲ್ಲಿ ಚಪ್ಪಟೆ ಜಾಗ ಆಗುತ್ತದೆ, ಎಷ್ಟೋ ಸಲ ಅದು ಓಡಿ ಬಿಸಿಯಾದ ಮೇಲೆ ಸರಿಹೋಗುತ್ತದೆ. ಇದು ಅಂಥದ್ದಲ್ಲ.

ಮನೆ ಮುಂದೆ ಅಪ್ಪ ಜಾಕ್ ಹಾಕಿಸಿದರು. ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಗೇರಿನಲ್ಲಿ ಬಿಟ್ಟು, ಹ್ಯಾಂಡ್‌ಬ್ರೇಕ್ ತೆಗೆಸಿದರು. ಒಂದು ಇಟ್ಟಿಗೆ ಮೇಲೆ ಕೈ ಊರಿ, ಸೀಮೆಸುಣ್ಣವನ್ನು ಟೈರಿಗೆ ತಾಗೀ ತಾಗದ ಹಾಗೆ ಹಿಡಿದು, ಚಕ್ರವನ್ನು ನಿಧಾನಕ್ಕೆ ತಿರುಗಿಸು ಅಂದರು. ಮಿಲ್ಲಿನಲ್ಲಿ ಶಾಫ್ಟ್ ನೋಡುತ್ತಿದ್ದದ್ದು ಹೀಗೇ ಅಂತೆ. ಬಲಗಡೆ ಚಕ್ರಕ್ಕೆ ಸುತ್ತಲೂ ಸಮನಾಗಿ ಸುಣ್ಣ ಹತ್ತಿತು. ಎಡಗಡೆ ಚಕ್ರಕ್ಕೆ ಒಂದು ಗೇಣಿನಷ್ಟು ಜಾಗದಲ್ಲಿ ಮಾತ್ರ. ಉಳಿದ ಕಡೆ ಸುಣ್ಣಕ್ಕೂ ಟೈರಿಗೂ ನಡುವೆ ಕಣ್ಣಿಗೆ ಕಾಣುವಷ್ಟು ಸಂದು, ಎರಡು ಮಿಲಿಮೀಟರ್ ಮೇಲೆಯೇ. ರಿಮ್ಮಿಗೂ ಹಾಗೇ ಹಿಡಿದು ನೋಡಿದರು. ರಿಮ್ ಸರಿಯಿತ್ತು. ಟೈರೇ ದುಂಡಗಿರಲಿಲ್ಲ.

ಅಪ್ಪನ ಮುಖದಲ್ಲಿ ಅಂಥ ಕಳೆ ನೋಡಿ ಎಷ್ಟು ವರ್ಷ ಆಗಿತ್ತೋ. ಮಿಲ್ ಮುಚ್ಚಿದ ಮೇಲೆ ಅವರ ಕೈಗೆ ಯಾರೂ ಏನೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಖಾತ್ರಿಗೆ ಪಿ.ಬಿ. ರಸ್ತೆಯ ಟೈರ್ ಅಂಗಡಿಯಲ್ಲಿ ಎಡಬದಿಯ ಹಿಂದಿನ ಚಕ್ರ ಮುಂದೆ, ಮುಂದಿನದು ಹಿಂದೆ ಹಾಕಿಸಿದೆ. ಸ್ಟೆಪ್ನಿ ಹಾಕಿ ನೋಡೋಣ ಅಂದರೆ ಅದು ಸಣ್ಣ ಸೈಜಿನದು, 80 ದಾಟಬೇಡಿ ಅಂತ ಅದರ ಮೇಲೇ ಬರೆದಿದೆ. ಮತ್ತೆ ಹೈವೇಗೆ ಹೋದೆವು. ಸೀಟು ಶಾಂತ, ಸ್ಟೇರಿಂಗ್ ಗಡಗಡ! ಚಕ್ರ ಹೋದ ಕಡೆ ನಡುಕವೂ ಹೋಗಿತ್ತು. ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು?

ಹಾಗಾದರೆ ಯಂತ್ರ ಸೊನ್ನೆ ಯಾಕೆ ತೋರಿಸಿತು ಅಂತ ಕೇಳಬಹುದು. ಬ್ಯಾಲೆನ್ಸಿಂಗ್ ಯಂತ್ರ ನೋಡುವುದು ಸುತ್ತಲೂ ತೂಕ ಸಮ ಇದೆಯಾ ಅಂತ. ದುಂಡಗಿದೆಯಾ ಅಂತ ಮಾಮೂಲಿ ಯಂತ್ರ ನೋಡುವುದಿಲ್ಲ. ಉಬ್ಬಿದ ಟೈರಿಗೂ ಸೀಸದ ತುಂಡು ಅಂಟಿಸಿ ತೂಕ ಸರಿ ಮಾಡಬಹುದು. ನೆಲಕ್ಕೆ ಒತ್ತಿ ಉರುಳಿದಾಗ ಆ ಉಬ್ಬು ಗಾಡಿಯನ್ನು ಎತ್ತಿ ಇಳಿಸುತ್ತಲೇ ಇರುತ್ತದೆ. ಟೈರಿನ ಮೇಲೆ ರೋಲರ್ ಒತ್ತಿ ಇದನ್ನೂ ಅಳೆಯುವ ಯಂತ್ರಗಳಿವೆ. ಅದಿಲ್ಲದ ಕಡೆ ಸಣ್ಣ ಏರಿಳಿತವನ್ನೂ ಮುಳ್ಳಿನಲ್ಲಿ ತೋರಿಸುವ ಒಂದು ಡಯಲ್ ಗೇಜ್ ಸಾಕು, ಇಲ್ಲವೇ ನಮ್ಮಪ್ಪನ ಸೀಮೆಸುಣ್ಣ.

ಲೆಕ್ಕವೂ ಕಷ್ಟದ್ದಲ್ಲ. ನಮ್ಮ ಸಣ್ಣ ಕಾರುಗಳ ಟೈರಿನ ಸುತ್ತಳತೆ ಸುಮಾರು 1.9 ಮೀಟರ್. ನೂರರ ವೇಗ ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 28 ಮೀಟರ್. ಚಕ್ರ ಸೆಕೆಂಡಿಗೆ 14-15 ಸಲ ಸುತ್ತುತ್ತದೆ, ಆ ಉಬ್ಬೂ ಅಷ್ಟೇ ಸಲ ಒದೆಯುತ್ತದೆ. ಚಕ್ರ ಮತ್ತು ಸಸ್ಪೆನ್ಶನ್ನಿಗೂ ತಮ್ಮದೇ ತಾಳ ಇದೆ, ಅದೂ ಸೆಕೆಂಡಿಗೆ 10ರಿಂದ 15ರ ಆಸುಪಾಸು. ಜೋಕಾಲಿಯನ್ನು ಅದರ ತಾಳಕ್ಕೇ ತಳ್ಳಿದರೆ ಜಾಸ್ತಿ ತೂಗುತ್ತದೆ ಅಲ್ವಾ, ಹಾಗೇ. ಅದಕ್ಕೇ ಐವತ್ತರಲ್ಲಿ ಏನೂ ಗೊತ್ತಾಗುವುದಿಲ್ಲ. ಬರೀ ತೂಕದ ವ್ಯತ್ಯಾಸವೂ ಸಣ್ಣದಲ್ಲ. ರಿಮ್ಮಿನ ಅಂಚಿನಲ್ಲಿ 20 ಗ್ರಾಂ ಹೆಚ್ಚಿದ್ದರೆ ನೂರರ ವೇಗದಲ್ಲಿ ಅದು ಸುಮಾರು 3 ಕಿಲೋ ಭಾರದಷ್ಟು ಎಳೆಯುತ್ತದೆ. ವೇಗ ಅರ್ಧವಾದರೆ ಎಳೆತ ಕಾಲು ಭಾಗ. ಎರೆಮಣ್ಣಿನ ಹೊಲಕ್ಕೆ ಗಾಡಿ ಇಳಿಸುವವರು ರಿಮ್ಮಿನ ಒಳಬದಿಯಲ್ಲಿ ಒಣಗಿ ಕೂತ ಮಣ್ಣು ತೊಳೆದು ನೋಡಿ. ಎಷ್ಟೋ ನಡುಕ ಅಲ್ಲೇ ಹೋಗುತ್ತದೆ.

"ನಮ್ಮ ರಸ್ತೆಯೇ ಸರಿಯಿಲ್ಲ, ಗಾಡಿ ಏನು ಮಾಡುತ್ತೆ" ಅಂತ ಕೆಲವರು ಹೇಳಿದರು. ರಸ್ತೆಯ ಕುಲುಕಾಟ ಗುಂಡಿ ಬಂದಾಗ ಬರುತ್ತದೆ, ದಾಟಿದಾಗ ಹೋಗುತ್ತದೆ. ಅದೇ ಹೈವೇಯಲ್ಲಿ ಒಂಬತ್ತು ವರ್ಷ ಹಳೆಯ ಗಾಡಿ ಓಡಿಸಿದ್ದೇನೆ, ನೂರರಲ್ಲಿ ಹೀಗೆ ಒಂದೇ ಸಮ ನಡುಗಿದ್ದಿಲ್ಲ. "ಎಂಬತ್ತರಲ್ಲೇ ಹೋಗಿ ಸರ್" ಅಂದವರೂ ಇದ್ದಾರೆ. ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ 100ರ ಮಿತಿ ಅಂತ 2018ರಲ್ಲೇ ಕೇಂದ್ರ ಸರ್ಕಾರ ಹೇಳಿದೆ. ಕಾನೂನು ಒಪ್ಪುವ ವೇಗದಲ್ಲಿ ಹೊಸ ಗಾಡಿ ನಡುಗಬಾರದು. ಸರ್ವಿಸ್ ಹುಡುಗರಿಗೆ ದಿನಕ್ಕೆ ಇಷ್ಟು ಗಾಡಿ ಅಂತ ಒತ್ತಡ ಇದೆ, ಅದು ನನಗೂ ಗೊತ್ತು. ಆದರೆ ಎರಡು ಸಲ ಬೇಡದ ಕೆಲಸ ಮಾಡುವ ಬದಲು ಒಂದು ಸಲ ಇಪ್ಪತ್ತು ನಿಮಿಷ ಹೈವೇಗೆ ಬಂದಿದ್ದರೆ ಎಲ್ಲರಿಗೂ ಸಮಯ ಉಳಿಯುತ್ತಿತ್ತು.

ನಾನೂ ಒಂದು ದೊಡ್ಡ ತಪ್ಪು ಮಾಡಿದ್ದೆ, ನೀವು ಮಾಡಬೇಡಿ. ಮೊದಲ ಎರಡೂ ಸಲ ಜಾಬ್ ಕಾರ್ಡ್, ಅಂದರೆ ನಮ್ಮ ದೂರು ಮತ್ತು ಮಾಡಬೇಕಾದ ಕೆಲಸ ಬರೆಯುವ ಚೀಟಿ, ಓದದೆ ಸಹಿ ಹಾಕಿದ್ದೆ. ಅದರಲ್ಲಿ ‘ಜನರಲ್ ಚೆಕಪ್’ ಅಂತ ಮಾತ್ರ ಇತ್ತು. ನಡುಕದ ಮಾತೇ ಇರಲಿಲ್ಲ. ಮೂರನೇ ಸಲ ಸಾಕ್ಷಿ ಸಮೇತ ಹೋದಾಗ, ಟೈರಿನ ವಾರಂಟಿ ನಮ್ಮದಲ್ಲ, ಟೈರ್ ಕಂಪನಿಯದು ಅಂದರು. ಟೈರ್ ಕಂಪನಿಯವರು ಮೊದಲಿನಿಂದ ದೂರು ಕೊಟ್ಟಿದ್ದಕ್ಕೆ ದಾಖಲೆ ತನ್ನಿ ಅಂದರು. ಎಲ್ಲಿಂದ ತರಲಿ? ಮತ್ತೆ ಕೌಂಟರ್ ಮುಂದೆ ನಿಂತು, ‘95ರಿಂದ 100ರಲ್ಲಿ ನಡುಕ, ಹಿಂದಿನ ಎಡ ಟೈರ್ ದುಂಡಗಿಲ್ಲ’ ಅಂತ ಬರೆಸಿಕೊಂಡೆ. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಯ ಫೋಟೋನೂ ತೆಗೆದಿಟ್ಟೆ. ಮೊದಲ ಎರಡು ಅಂಕಿ ಟೈರ್ ತಯಾರಾದ ವಾರ, ಕೊನೆಯ ಎರಡು ವರ್ಷ. ಹನ್ನೊಂದು ದಿನದಲ್ಲಿ ಹೊಸ ಟೈರ್ ಬಂತು. ಈಗ ನೂರರಲ್ಲಿ ಬಾಟಲಿಯ ನೀರು ಅಲುಗಾಡುವುದಿಲ್ಲ.

ಇವತ್ತು ಆ ಟೀಚರ್ ಅಕ್ಕನಿಗೆ ಇದನ್ನೆಲ್ಲಾ ಹೇಳಿದೆ. ಅಡ್ವೈಸರ್ ಎದುರಿಗೇ ಹೇಳಿದೆ, ದನಿ ಸ್ವಲ್ಪ ಏರಿತ್ತು. ಅದಕ್ಕೆ ನನಗೆ ಬೇಸರವಿಲ್ಲ. ಅಕ್ಕ ಜಾಬ್ ಕಾರ್ಡ್ ವಾಪಸ್ ಕೊಟ್ಟು, "90 ದಾಟಿದ ಮೇಲೆ ಸ್ಟೇರಿಂಗ್ ನಡುಗುತ್ತೆ ಅಂತ ಬರೀರಿ, ಆಮೇಲೆ ಸಹಿ ಹಾಕ್ತೀನಿ" ಅಂದರು. ಬರೆದ. ಟ್ರಯಲ್‌ಗೆ ಮಾತ್ರ ಯಾರೂ ಹೈವೇಗೆ ಬರಲ್ಲವಂತೆ. ಭಾನುವಾರ ಅಕ್ಕ ತಮ್ಮ ಯಜಮಾನರ ಜೊತೆ ಗಾಡಿ ತರ್ತಾರೆ. ಹೆಬ್ಬಾಳು ಟೋಲ್ ದಾಟಿ ಸ್ವಲ್ಪ ದೂರ ಹೋಗಿ ಬರೋಣ ಅಂತ ಮಾತಾಡಿಕೊಂಡಿದ್ದೇವೆ. ಮನೆಗೆ ಬಂದು ಅಪ್ಪನಿಗೆ ಹೇಳಿದೆ. "ಸ್ಟೇರಿಂಗ್ ಅಂದ್ರೆ ಮುಂದಿನ ಚಕ್ರ. ಈ ಸಲ ನಾನು ಮುಂದೆ ಕೂರ್ತೀನಿ" ಅಂದರು. ಆಗಲೇ ಸೀಮೆಸುಣ್ಣ ಹುಡುಕಿ ಇಟ್ಟುಕೊಂಡಿದ್ದಾರೆ.