ಕೊಲೆ ಮಾಡಿ, ಬೈಯಬೇಡಿ

ಆ ಅಜ್ಜಿಯ ಗತಿ ನೆನೆದರೆ ಕರುಳು ಚುರುಕ್ ಅನ್ನುತ್ತೆ. ಮಕ್ಕಳ ಕಥೆಗಾರ ರೋಲ್ಡ್ ಡಾಲ್‌ನ ‘ದಿ ವಿಚಸ್’ ಕಥೆಯಲ್ಲಿ ಮಾಟಗಾತಿಯರ ತಲೆ ಬೋಳು, ಅದಕ್ಕೇ ಅವರು ವಿಗ್ ಹಾಕುತ್ತಾರೆ. ಹಾಗಂತ ಕಂಡಕಂಡ ಹೆಂಗಸರ ಕೂದಲು ಎಳೆದು ನೋಡೋಕಾಗುತ್ತಾ, ಎಳೆದು ನೋಡು ಏನಾಗುತ್ತೆ ಅಂತ, ಎಂದು ಮೊಮ್ಮಗನನ್ನು ಗದರುತ್ತಿದ್ದ ಮುದುಕಿ ಆಕೆ. ಚುರುಟು ಸೇದುವ ಗಟ್ಟಿಗಿತ್ತಿ. 2023ರಲ್ಲಿ ಗದ್ದಲ ಎಬ್ಬಿಸಿದ ಡಾಲ್‌ನ ಪ್ರಕಾಶಕರಾದ ಪಫಿನ್‌ನವರು ಯಾರಿಗೂ ನೋವಾಗದಿರಲಿ ಅಂತ ತಿದ್ದಿದ ಪ್ರತಿಯಲ್ಲಿ ಅದೇ ಅಜ್ಜಿ, ಹೆಂಗಸರು ವಿಗ್ ಧರಿಸಲು ಬೇರೆ ಎಷ್ಟೋ ಕಾರಣಗಳಿರಬಹುದು, ಅದರಲ್ಲಿ ಖಂಡಿತಾ ತಪ್ಪೇನಿಲ್ಲ ಎಂದು ತಿಳಿವಳಿಕೆ ಹೇಳುತ್ತಾಳೆ. ಮಾಟಗಾತಿಯರು ಮಕ್ಕಳನ್ನು ಮುಗಿಸಲು ಹೊಂಚು ಹಾಕುತ್ತಿರುವ ಹೊತ್ತಿನಲ್ಲಿ! ಇನ್ನು ‘ಸಾರ್ವಜನಿಕರ ಗಮನಕ್ಕೆ’ ಅಂತ ಶುರು ಮಾಡುವುದೊಂದು ಬಾಕಿ.

ಅದಿರಲಿ, ಟ್ರ್ಯಾಕ್ಟರ್ ಕಥೆ ಇನ್ನೂ ಚೆನ್ನಾಗಿದೆ. ಡಾಲ್‌ನದೇ ‘ಫೆಂಟಾಸ್ಟಿಕ್ ಮಿಸ್ಟರ್ ಫಾಕ್ಸ್’ನಲ್ಲಿ ನರಿಯ ಬಿಲ ಅಗೆಯಲು ಬರುವ ಯಂತ್ರಗಳು ಮೊದಲು ಕಪ್ಪಗಿದ್ದವು, ಕೊಲೆಗಡುಕ ರಾಕ್ಷಸರಂತಿದ್ದವು. ಈಗ ಕಪ್ಪು ಹೋಗಿದೆ. ಕೊಲೆಗಡುಕತನ ಹಾಗೇ ಉಳಿದಿದೆ. ಟ್ರ್ಯಾಕ್ಟರುಗಳ ಮನಸ್ಸಿಗೆ ನೋವಾಗದಂತೆ ನೋಡಿಕೊಂಡ ಮಹಾನುಭಾವರಿಗೆ ಸಾಷ್ಟಾಂಗ ನಮಸ್ಕಾರ.

ಈ ವಿದ್ಯೆ ಹೊಸದೇನಲ್ಲ ಬಿಡಿ. ಕುಟುಂಬದವರೆಲ್ಲ ಕೂತು ಓದಲಿ ಅಂತ ಶೇಕ್ಸ್‌ಪಿಯರನನ್ನು ತೊಳೆದು ಇಸ್ತ್ರಿ ಮಾಡಿದ ಪ್ರತಿ 1807ರಲ್ಲೇ ಬಂತು. ಹೆಸರು ಮಾಡಿದವನು ಡಾಕ್ಟರ್ ಥಾಮಸ್ ಬೌಡ್ಲರ್. ಆ ಮೊದಲ ಮುದ್ರಣದ ಕತ್ತರಿ ಮಾತ್ರ ಅವನ ಅಕ್ಕ ಹೆನ್ರಿಯೆಟ್ಟಾಳ ಕೈಯಲ್ಲಿತ್ತು. ಅವಳ ಹೆಸರು ಪುಸ್ತಕದ ಮೇಲೆ ಬರಲಿಲ್ಲ. ಬಂದಿದ್ದರೆ ಇಂಥ ಮಾತುಗಳೆಲ್ಲ ಮರ್ಯಾದಸ್ಥ ಹೆಣ್ಣಿಗೆ ಅರ್ಥವಾಗುತ್ತವೆ ಅಂತ ಒಪ್ಪಿಕೊಂಡಂತಾಗುತ್ತಿತ್ತಲ್ಲ! ಬೌಡ್ಲರ್ ಕೃಪೆಯಿಂದ, ಗಂಡನಿಂದ ರಾಜನನ್ನು ಕೊಲ್ಲಿಸಿದ ಲೇಡಿ ಮ್ಯಾಕ್‌ಬೆತ್ ತನ್ನ ಕೈಯ ರಕ್ತದ ಕಲೆಗೆ ‘ಹಾಳಾದ ಕಲೆ’ ಅಂತ ಶಾಪ ಹಾಕುವುದು ಬಿಟ್ಟು ‘ಕೆಂಪು ಕಲೆ’ ಎಂದಳು. ರಾಜನ ಕೊಲೆ ಹಾಗೇ ಇತ್ತು. ನಿದ್ದೆಯಲ್ಲಿದ್ದ ಮುದುಕನನ್ನು ಇರಿಯುವುದು ಸಂಸಾರಸ್ಥರ ಮನೆಗೆ ಒಗ್ಗುತ್ತೆ, ಆಮೇಲೆ ಬಾಯಿ ಹೊಲಸು ಮಾಡಿಕೊಳ್ಳುವುದು ಒಗ್ಗಲ್ಲ.

ನಮ್ಮ ಗಾದೆಗಳೇನಾದರೂ ಇವರ ಕೈಗೆ ಸಿಕ್ಕಿದ್ದರೆ? ‘ಕುಣಿಯಲಾರದವಳು ನೆಲ ಡೊಂಕು ಅಂದಳು’ ಎನ್ನುವಂತಿಲ್ಲ. ನೃತ್ಯ ತರಬೇತಿಯ ಆರಂಭಿಕ ಹಂತದಲ್ಲಿರುವ ವ್ಯಕ್ತಿಯೊಬ್ಬರು ನೆಲಹಾಸಿನ ಗುಣಮಟ್ಟದ ಬಗ್ಗೆ ಕಳವಳ ವ್ಯಕ್ತಪಡಿಸಿದರು. ಕೋಣನ ಮುಂದೆ ಕಿನ್ನರಿ ಬಾರಿಸಿದವನು ಮೊದಲು ಕೋಣನ ಸಂಗೀತಾಭಿರುಚಿಯನ್ನು ಹೀಗಳೆದದ್ದಕ್ಕೆ ಕ್ಷಮೆ ಕೇಳಬೇಕು. ಗಾದೆ ಮಾಡಿದ ಪುಣ್ಯಾತ್ಮರ ಹೆಸರು ಯಾರಿಗೂ ಗೊತ್ತಿಲ್ಲದ್ದರಿಂದ ಬಚಾವಾದರು.

ಬದುಕಿರುವ ಕಾದಂಬರಿಕಾರನಿಗೆ ಆ ಭಾಗ್ಯವಿಲ್ಲ. ಅವನ ಖಳನಾಯಕ ಯಾವ ಜಾತಿಯವನೂ ಆಗಿರಕೂಡದು, ಕುಂಟಕೂಡದು, ದಪ್ಪಗಿರಕೂಡದು. ಹೆಂಗಸಾದರೆ ಸ್ತ್ರೀದ್ವೇಷ, ಗಂಡಸಾದರೆ ಸವಕಲು ಪಾತ್ರ. ಬೈಯುವಾಗಲೂ ಎಲ್ಲ ಸಮುದಾಯಗಳನ್ನೂ ಸಮಾನವಾಗಿ ಬೈಯಬೇಕು, ಅಥವಾ ಯಾರನ್ನೂ ಬೈಯದೆ ವ್ಯವಸ್ಥೆಯನ್ನು ಬೈಯಬೇಕು. ಅಚ್ಚಿಗೆ ಮುಂಚೆ ಹಸ್ತಪ್ರತಿ ಸೆನ್ಸಿಟಿವಿಟಿ ರೀಡರ್, ಅಂದರೆ ಯಾರಿಗಾದರೂ ನೋವಾದೀತೇ ಅಂತ ಹುಡುಕುವ ಓದುಗನ ಕೈಗೆ ಹೋಗುತ್ತೆ. ಅಲ್ಲಿಂದ ಬರುವ ಹೊತ್ತಿಗೆ ಖಳನಾಯಕ ಬಾಲ್ಯದಲ್ಲಿ ಪ್ರೀತಿ ಸಿಗದ, ಆದರೂ ಮರಗಿಡಗಳ ಬಗ್ಗೆ ಕಾಳಜಿಯುಳ್ಳ ಸಜ್ಜನನಾಗಿರುತ್ತಾನೆ. ಇಂಥವನ ಮೇಲೆ ನಾಯಕನಿಗೆ ಯಾಕಪ್ಪ ಸಿಟ್ಟು ಅಂತ ಓದುಗ ತಲೆ ಕೆರೆದುಕೊಳ್ಳುತ್ತಾನೆ.

ನೋವಾಗುವುದು ಸುಳ್ಳಲ್ಲ. ‘ಚಾರ್ಲಿ ಅಂಡ್ ದಿ ಚಾಕೊಲೇಟ್ ಫ್ಯಾಕ್ಟರಿ’ 1964ರಲ್ಲಿ ಬಂದಾಗ ಊಂಪಾ-ಲೂಂಪಾಗಳು ಆಫ್ರಿಕಾದ ಕಾಡಿನಿಂದ ತಂದ ಕುಳ್ಳ ಕಪ್ಪು ಜನ, ಕೋಕೋ ಬೀಜಕ್ಕಾಗಿ ದುಡಿಯುವವರು. ಅದು ಕೆಟ್ಟದಾಗೇ ಇತ್ತು. ಜನ ಮುಖಕ್ಕೆ ಹೇಳಿದರು, ಡಾಲ್ ಬದುಕಿದ್ದಾಗಲೇ, 1973ರಲ್ಲಿ, ತಾನೇ ಬದಲಾಯಿಸಿದ. ಅದು ಜಗಳ, ಅದಕ್ಕೊಂದು ಉತ್ತರ. 1990ರಲ್ಲಿ ತೀರಿಕೊಂಡವನ ಬಾಯಿಗೆ ವಿಗ್ಗಿನ ಉಪದೇಶ ತುರುಕುವುದಕ್ಕೆ ಏನಂತೀರಿ?

2011ರಲ್ಲಿ ಅಮೆರಿಕದ ಪ್ರಕಾಶಕರೊಬ್ಬರು ಮಾರ್ಕ್ ಟ್ವೇನ್‌ನ ‘ಹಕಲ್‌ಬೆರಿ ಫಿನ್’ನಲ್ಲಿ ಕರಿಯರನ್ನು ಹೀನಾಯವಾಗಿ ಕರೆಯುವ ಆ ಪದವನ್ನು ತೆಗೆದು ‘ಗುಲಾಮ’ ಎಂದು ಹಾಕಿದರು. ಇನ್ನೂರಕ್ಕೂ ಹೆಚ್ಚು ಕಡೆ. ಇಲ್ಲಿ ನನಗೆ ನಗು ಬರುವುದಿಲ್ಲ. ಆ ಪದ ಬಳಸುತ್ತಿದ್ದವರು ಯಾರು? ದೇವರ ಪ್ರಾರ್ಥನೆ ಮಾಡುವ, ನೆಂಟರಿಗೆ ಊಟ ಹಾಕುವ, ಊರಿನ ಒಳ್ಳೆಯ ಜನ. ಅವರ ಬಾಯಿಂದ ಅದು ಸಲೀಸಾಗಿ ಬರುತ್ತಿತ್ತು ಅನ್ನುವುದೇ ಪುಸ್ತಕದ ದೂರು. ಪದ ಅಳಿಸಿದರೆ ಕಥೆಯ ಗುಲಾಮ ಜಿಮ್‌ನ ಸಂಕೋಲೆ ಸಡಿಲವಾಗಲ್ಲ, ಬೈದವರ ಬಾಯಿ ಶುದ್ಧವಾಗುತ್ತೆ. ಅನ್ಯಾಯಕ್ಕೆ ಒಳಗಾದವರ ಹೆಸರು ಹೇಳಿಕೊಂಡು ಅನ್ಯಾಯ ಮಾಡಿದವರ ಸಾಕ್ಷ್ಯ ನಾಶ ಮಾಡುತ್ತಿದ್ದೀರಿ ಸ್ವಾಮಿ. ಇದಕ್ಕೆ ಸಂವೇದನೆ ಅಂತ ಬೇರೆ ಹೆಸರು.

ಡಾಲ್ ನೋಯಿಸಿದರೆ ಮರುಮುದ್ರಣ ನಿಲ್ಲಿಸಿ, ಈಗ ಬರೆಯುವವರನ್ನು ಓದಿ ಅಂತ ಇಂಗ್ಲಿಷ್ ಕಾದಂಬರಿಕಾರ ಫಿಲಿಪ್ ಪುಲ್ಮನ್ ಅರ್ಥವುಳ್ಳ ಮಾತಾಡಿದ. ಆದರೆ ಮುದ್ರಣ ನಿಲ್ಲಿಸಿದರೆ ಗಲ್ಲಾ ಪೆಟ್ಟಿಗೆಗೆ ಏನು ಬೀಳುತ್ತೆ? ಗದ್ದಲ ಜೋರಾಗಿ ಒಂದು ವಾರ ಕಳೆಯುವಷ್ಟರಲ್ಲಿ ಪಫಿನ್‌ನವರು ಉಪಾಯ ಕಂಡುಕೊಂಡರು. ತಿದ್ದಿದ ಪ್ರತಿಗಳೂ ಇರುತ್ತವೆ, ತಿದ್ದದ 17 ಪುಸ್ತಕಗಳೂ ‘ಕ್ಲಾಸಿಕ್ ಕಲೆಕ್ಷನ್’ ಅಂತ ಬರುತ್ತವೆ. ನೊಂದವರು ಇದನ್ನು ಕೊಳ್ಳಿ, ತಿದ್ದಿದ್ದಕ್ಕೆ ನೊಂದವರು ಅದನ್ನು ಕೊಳ್ಳಿ. ಯಾರಿಂದ ನೊಂದೆವು ಅಂತ ಗೊತ್ತಾಗದವರು ಎರಡನ್ನೂ ಕೊಳ್ಳಬಹುದು, ಅಂಗಡಿಯವರ ಅಭ್ಯಂತರವಿಲ್ಲ.