ಯಾರ ಪಾಪಕ್ಕೆ ಬರೆ ಜರಿಯಿತು ಎಂದು ಕೇಳುವವರಿಗೆ

ಸಾವಿನ ಮನೆಗೆ ಹೋದರೆ ಏನಾದರೂ ಹೇಳಿಯೇ ಬರಬೇಕು ಅನ್ನುವ ಹಟ ನಮಗೆ ಯಾಕೋ. "ಎಲ್ಲಾ ದೇವರ ಚಿತ್ತ", "ಪ್ರೀತಿ ಇದ್ದವರನ್ನೇ ದೇವರು ಪರೀಕ್ಷೆ ಮಾಡೋದು", "ಇದರಲ್ಲೂ ಏನೋ ಒಳ್ಳೇದಿರುತ್ತೆ ಬಿಡಿ". ಕ್ರೈಸ್ತರಾದ ನಮ್ಮ ಬಾಯಲ್ಲಂತೂ ಇವು ಜಪಸರದಷ್ಟೇ ಸಲೀಸು. 2018ರ ಆಗಸ್ಟ್ ನಂತರ ಇವನ್ನು ಕೇಳಿಸಿಕೊಳ್ಳುವ ತಾಳ್ಮೆ ನನಗೆ ಉಳಿದಿಲ್ಲ.

ಆ ಆಗಸ್ಟ್ ಅಂದರೆ ಏನು ಅಂತ ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಮಳೆಗೆ ಬರೆ, ಅಂದರೆ ಗುಡ್ಡದ ಇಳಿಜಾರು, ಜರಿದು ನಲುಗಿದ ಊರುಗಳ ಹೆಸರೇ ಸಾಕು: ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಮದೆನಾಡು, ಜೋಡುಪಾಲ. ಸಮಾಜದ ಭವನ, ಚರ್ಚ್ ಹಾಲ್, ಮದರಸ, ಕಲ್ಯಾಣ ಮಂಟಪ ಅಂತ ನೋಡದೆ ಸೂರಿದ್ದ ಕಡೆಯಲ್ಲೆಲ್ಲ ಗಂಜಿ ಕೇಂದ್ರ. ಅಂಥ ಒಂದು ಕಡೆ ಪ್ರಾರ್ಥನೆ ಮಾಡಿಸಲು ಹೊರಗಿನಿಂದ ಬಂದಿದ್ದವರೊಬ್ಬರು, ಜನರ ಪಾಪ ಹೆಚ್ಚಾದಾಗ ದೇವರು ಹೀಗೆ ಎಚ್ಚರಿಸುತ್ತಾರೆ ಅಂದರು. ಕೂತವರಲ್ಲಿ ಮನೆ, ಕಾಫಿ ತೋಟ, ಏಲಕ್ಕಿ ಎಲ್ಲ ಕೆಸರಿನಡಿ ಹೋದ ಒಬ್ಬ ಅಕ್ಕ ಇದ್ದರು. ಆಮೇಲೆ ನನ್ನ ಹತ್ತಿರ ಕೇಳಿದರು: "ಅಲ್ಲ, ಮಡಿಕೇರಿ ಪೇಟೆಯವರು ಮಾಡದೆ ಇರೋ ಪಾಪ ನಾವೇನು ಮಾಡಿದ್ವಿ?"

ಈ ಪ್ರಶ್ನೆ ಬೈಬಲಿನ ಶುಭಸಂದೇಶದಲ್ಲೇ, ಯೇಸುವಿನ ಕಥೆ ಹೇಳುವ ಭಾಗದಲ್ಲೇ ಇದೆ. ಲೂಕನ 13ನೇ ಅಧ್ಯಾಯ. ಸಿಲೋವದಲ್ಲಿ ಗೋಪುರ ಕುಸಿದು 18 ಜನ ಸತ್ತಿದ್ದರು. ಜೆರುಸಲೇಮಿನ ಉಳಿದವರಿಗಿಂತ ಅವರು ಹೆಚ್ಚು ಪಾಪಿಗಳಾಗಿದ್ದರೆಂದು ನೆನೆಸುತ್ತೀರಾ ಅಂತ ಕೇಳಿ, ಇಲ್ಲ ಅನ್ನುವ ಉತ್ತರವನ್ನೂ ಯೇಸುವೇ ಕೊಡುತ್ತಾರೆ. ಪಶ್ಚಾತ್ತಾಪದ ಮಾತು ಅಲ್ಲೇ ಮುಂದೆ ಬರುತ್ತದೆ ನಿಜ, ಆದರೆ ಅದು ಬದುಕಿ ಉಳಿದು ಕೇಳಿಸಿಕೊಳ್ಳುತ್ತಿರುವವರಿಗೆ. ಗೋಪುರದಡಿ ಹೋದವರ ಮೇಲೆ ಹೊರಿಸಿದ್ದಲ್ಲ. ಯೊವಾನ್ನನ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ತೋರಿಸಿ, ಇದು ಇವನ ಪಾಪವೋ ಅಪ್ಪ ಅಮ್ಮನದೋ ಅಂತ ಕೇಳಿದವರು ಸ್ವತಃ ಶಿಷ್ಯರು. ಅಲ್ಲೂ ಉತ್ತರ, ಎರಡೂ ಅಲ್ಲ. ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ನಾವು ಪಾಪದ ಲೆಕ್ಕ ತೆಗೆಯುತ್ತೇವೆಂದರೆ ಓದಿದ್ದು ಯಾವ ಪುಸ್ತಕವೋ.

ಬೈಬಲಿನಲ್ಲಿ ತಪ್ಪೇ ಮಾಡದೆ ಎಲ್ಲ ಕಳೆದುಕೊಂಡವನು ಯೋಬ. ಅವನ ಗೆಳೆಯರು ಮೊದಲ ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅಲ್ಲಿಯವರೆಗೆ ಒಳ್ಳೆಯ ಗೆಳೆಯರೇ. ಬಾಯಿ ಬಿಟ್ಟು ಕಾರಣ ವಿವರಿಸಲು ಹೊರಟಾಗ ಕೆಟ್ಟರು. ಕೊನೆಯಲ್ಲಿ ದೇವರ ಕೋಪ ಉರಿದದ್ದು ಆ ಭಕ್ತ ಪಂಡಿತರ ಮೇಲೆ. ದೇವರನ್ನೇ ಜಗಳಕ್ಕೆ ಕರೆದ ಯೋಬ ಸರಿಯಾಗಿ ಮಾತಾಡಿದ ಅನ್ನಿಸಿಕೊಂಡ.

"ದೇವರ ಚಿತ್ತ" ಅನ್ನುವುದರಲ್ಲಿ ಇನ್ನೊಂದು ಅನುಕೂಲವಿದೆ, ಅದನ್ನೂ ಹೇಳಿಬಿಡುತ್ತೇನೆ. ಆ ವರ್ಷ ಮಳೆ ವಿಪರೀತ ಸುರಿಯಿತು, ಸರಿ. ಆದರೆ ಜರಿದ ಜಾಗ ನೋಡಿಹೋದ ಭೂವಿಜ್ಞಾನಿಗಳು ಮಳೆಯ ಜೊತೆಗೆ, ರಸ್ತೆಗೂ ಕಟ್ಟಡಕ್ಕೂ ಗುಡ್ಡದ ಇಳಿಜಾರನ್ನು ಕಡಿದದ್ದರ ಕಡೆಗೂ ಬೆರಳು ತೋರಿಸಿದರು. ಎಲ್ಲ ದೇವರ ಚಿತ್ತ ಅಂದುಬಿಟ್ಟರೆ ಜೆಸಿಬಿಗೆ ಪಾಪ ತಟ್ಟುವುದಿಲ್ಲ.

ಹಾಗಾದರೆ ನೋವಿಗೆ ಅರ್ಥವೇ ಇಲ್ಲವಾ? ಇದೆ ಅಂತ ನಂಬುತ್ತೇನೆ. ಇಲ್ಲದಿದ್ದರೆ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ತೋಟದ ದಾರಿಯಲ್ಲಿ ಶಿಲುಬೆಹಾದಿ (ಯೇಸು ಶಿಲುಬೆ ಹೊತ್ತು ನಡೆದದ್ದನ್ನು ಸ್ಥಳಸ್ಥಳಕ್ಕೆ ನಿಂತು ನೆನೆಯುವ ಪ್ರಾರ್ಥನೆ) ಮಾಡಿಕೊಂಡು ನಡೆಯುತ್ತಿರಲಿಲ್ಲ. ಆದರೆ ಆ ಅರ್ಥ ಹಿಂದಕ್ಕೆ, ಕಾರಣದಲ್ಲಿ ಸಿಗುವಂಥದ್ದಲ್ಲ. ಪೋಪ್ ಎರಡನೇ ಜಾನ್ ಪಾಲ್ 1981ರ ಮೇ 13ರಂದು ಗುಂಡೇಟು ತಿಂದವರು. ಗುಂಡು ಹಾರಿಸಿದವನನ್ನು 1983ರ ಡಿಸೆಂಬರಿನಲ್ಲಿ ಜೈಲಿಗೇ ಹೋಗಿ ಕಂಡು ಬಂದರು. ಅದಾಗಿ ಕೆಲವೇ ವಾರಕ್ಕೆ, 1984ರ ಫೆಬ್ರವರಿ 11ರಂದು, 'ಸಾಲ್ವಿಫಿಚಿ ದೊಲೊರಿಸ್' ಅನ್ನುವ ಪತ್ರ ಬರೆದರು, ಪೂರ್ತಿ ನೋವಿನ ಬಗ್ಗೆಯೇ. ಯಾಕೆ ನೋವು ಅನ್ನುವುದಕ್ಕೆ ಕ್ರಿಸ್ತ ಸಿದ್ಧಾಂತದ ಉತ್ತರ ಕೊಡುವುದಿಲ್ಲ, ನನ್ನ ಹಿಂದೆ ಬಾ ಅನ್ನುತ್ತಾರೆ ಅಷ್ಟೆ, ಅನ್ನುವುದು ಅದರಲ್ಲಿ ನನಗೆ ಹಿಡಿಸಿದ ಮಾತು. ಅದರ ಕೊನೆಯ ಭಾಗದಲ್ಲಿ ಬರುವುದು ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಎತ್ತಿಕೊಂಡು ಹೋದ ಸಮಾರಿಯದವನ ಕಥೆ. ನೋವಿನ ಅರ್ಥ ಹುಡುಕುತ್ತಾ ಹೋದ ಪತ್ರ ಬಂದು ನಿಂತದ್ದು ಎಣ್ಣೆ ಹಚ್ಚಿ ಗಾಯ ಕಟ್ಟುವವನ ಹತ್ತಿರ.

ನಮ್ಮ ವಿರಾಜಪೇಟೆಯನ್ನೇ ನೋಡಿ. ಟಿಪ್ಪುವಿನ ಕಾಲದಲ್ಲಿ ಕರಾವಳಿಯ ಕೊಂಕಣಿ ಕ್ರೈಸ್ತರು ಶ್ರೀರಂಗಪಟ್ಟಣಕ್ಕೆ ಸೆರೆಯಾಳುಗಳಾಗಿ ಹೋದರು. ತಪ್ಪಿಸಿಕೊಂಡು ಕೊಡಗಿಗೆ ಬಂದವರಿಗೆ ಇಲ್ಲಿನ ರಾಜ ದೊಡ್ಡ ವೀರರಾಜೇಂದ್ರ ನೆಲೆ ಕೊಟ್ಟ. ಸಂತ ಅನ್ನಮ್ಮನವರ ಚರ್ಚಿನ ಚರಿತ್ರೆ ಆ 1792ರ ಸುಮಾರಿಗೇ ಶುರುವಾಗುವುದು. ರಾಜ ಲಿಂಗಾಯತ, ತಾನೂ ಟಿಪ್ಪುವಿನ ಸೆರೆಯಲ್ಲಿದ್ದು ತಪ್ಪಿಸಿಕೊಂಡವನು. ಬಂದವರ ಕಷ್ಟಕ್ಕೆ ಕಾರಣ ಏನೆಂದು ಅವನು ಪ್ರವಚನ ಮಾಡಲಿಲ್ಲ, ಜಾಗ ಕೊಟ್ಟ.

ಇನ್ನು "ನಿನ್ನ ಶಿಲುಬೆ ನೀನು ಹೊರಬೇಕಮ್ಮಾ" ಅನ್ನುವ ಉಪದೇಶ. ಕುಡಿದು ಬಂದು ಹೊಡೆಯುವ ಗಂಡನ ಬಗ್ಗೆ ತೋಟದ ಕೂಲಿಯವರ ಲೈನ್ ಮನೆಯ ಹೆಂಗಸು ಬಂದು ಅತ್ತರೆ, ನಮ್ಮಲ್ಲಿ ಕೆಲವು ಹಿರಿಯರು ಕೊಡುವ ಪರಿಹಾರ ಇದು. ನನಗೆ ಇದು ಸಿಟ್ಟು ಬರಿಸುತ್ತದೆ. ಯೇಸು ಹೇಳಿದ್ದು ನಿಮ್ಮ ನಿಮ್ಮ ಶಿಲುಬೆ ಎತ್ತಿಕೊಳ್ಳಿ ಅಂತ. ಇನ್ನೊಬ್ಬರ ಹೆಗಲಿಗೆ ಶಿಲುಬೆ ಏರಿಸುವ ಕೆಲಸ ಆ ಕಥೆಯಲ್ಲಿ ಮಾಡಿದ್ದು ರೋಮನ್ ಸಿಪಾಯಿಗಳು. ಆಕೆಗೆ ಆಗ ಬೇಕಿರುವುದು ಪೊಲೀಸ್ ಠಾಣೆಗೆ ಜೊತೆಗೆ ಬರುವ ಇಬ್ಬರು. ಶಿಲುಬೆಹಾದಿಯ ಐದನೇ ಸ್ಥಳದಲ್ಲಿ ಸಿರೇನಿನ ಸಿಮೋನ ಇದ್ದಾನೆ, ಯೇಸುವಿನ ಶಿಲುಬೆಗೆ ಹೆಗಲು ಕೊಡಲು ಅವನನ್ನೂ ಬಲವಂತದಿಂದಲೇ ಎಳೆದು ತಂದಿದ್ದರು. ಆದರೂ ಭಾರ ಹೊತ್ತ. ನಮಗೆ ಅಷ್ಟಾದರೂ ಆಗಬೇಡವಾ?

ಇಷ್ಟೆಲ್ಲ ತಕರಾರಿದ್ದರೆ ಚರ್ಚಿಗೆ ಪೂಜೆಗೆ ಯಾಕೆ ಹೋಗ್ತೀಯ ಅಂತ ಗೆಳೆಯರು ಕೇಳುತ್ತಾರೆ. ತಕರಾರು ಹೇಳಲು ಅಲ್ಲಿ ಜಾಗವಿದೆ, ಅದಕ್ಕೆ. 88ನೇ ಕೀರ್ತನೆ ತೆಗೆದು ನೋಡಿ, ಶುರುವಿನಿಂದ ಕೊನೆಯವರೆಗೆ ಬರೀ ಗೋಳು, ಮುಗಿಯುವುದೂ ಕತ್ತಲೆಯಲ್ಲೇ. ಅದನ್ನು ಯಾರೂ ಬೈಬಲಿನಿಂದ ಕಿತ್ತುಹಾಕಲಿಲ್ಲ. ಸತ್ತ ಗೆಳೆಯ ಲಾಜರನನ್ನು ಎಬ್ಬಿಸಲೆಂದೇ ಬಂದ ಯೇಸು ಮೊದಲು ಅತ್ತರು. ಶಿಲುಬೆಯ ಮೇಲೆ, ಯಾಕೆ ನನ್ನ ಕೈಬಿಟ್ಟೆ ಅಂತ ಕೂಗಿದರು. ಆ ಯಾಕೆಗೆ ಆಗ ಉತ್ತರ ಬರಲಿಲ್ಲ. ಪುನರುತ್ಥಾನದ ಮೇಲೂ ಕೈಯ ಗಾಯ ಹಾಗೇ ಇತ್ತು, ನಂಬದ ಶಿಷ್ಯ ತೋಮನಿಗೆ ತೋರಿಸಿದ್ದು ಅದನ್ನೇ. ಗಾಯ ಇಟ್ಟುಕೊಂಡ ದೇವರ ಎದುರು ನನ್ನ ಗಾಯ ಮುಚ್ಚಿಟ್ಟು ನಿಲ್ಲಬೇಕಿಲ್ಲ.

ಆ ಅಕ್ಕ ಈಗ ಪರಿಹಾರದ ಮನೆಯಲ್ಲಿದ್ದಾರೆ. ಆಗಸ್ಟಿನಲ್ಲಿ ಮಳೆ ಜೋರಾದರೆ ರಾತ್ರಿ ನಿದ್ದೆ ಬರಲ್ಲ ಅನ್ನುತ್ತಾರೆ. ನಿದ್ದೆ ಬರದ ಅಕ್ಕಪಕ್ಕದ ಮನೆಯವರಿಗೆಲ್ಲ ಫೋನ್ ಮಾಡುವುದು ಅವರೇ. ಇದಕ್ಕಾಗಿಯೇ ದೇವರು ನಿಮ್ಮ ತೋಟ ತೆಗೆದುಕೊಂಡರೇನೋ ಅಂತ ಒಬ್ಬರು ಅಂದಾಗ ಅಕ್ಕ ಹೇಳಿದ್ದು: "ತೋಟ ಇದ್ದಾಗಲೂ ಫೋನ್ ಮಾಡೋಕೆ ಬರ್ತಿತ್ತು ನನಗೆ."